ಸತುವಿನ ಬಿಲ್ಲೆ

ಮಾರ್ಚ್ 11, ಬೆಳಿಗ್ಗೆ 9.20. ಬಗ್ದಾದಿನ ವಿಶ್ವವಿದ್ಯಾಲಯವೊಂದರ ಪಕ್ಕದ ಠಾಣೆಗೆ ಸಂಶೋಧಕಿ ನಿಬ್ರಾಸ್ ಬಂದು ದೂರು ಕೊಟ್ಟಳು. ಲೇಸರ್ ಪ್ರಯೋಗಾಲಯದಿಂದ ಒಂದು ಬಿಲ್ಲೆ ಕಳುವಾಗಿತ್ತು.

“ಚಿನ್ನದ್ದಾ?” ಪೇದೆ ಜಬ್ಬಾರ್ ಕೇಳಿದ.

“ಸತುವಿನ ಆಕ್ಸೈಡ್. ನಾಣ್ಯದಷ್ಟಿದೆ.”

“ಅದಕ್ಕೂ ಎಫ್‌ಐಆರ್ ಬೇಕಾ ತಾಯಿ? ಚಹಾ ಕುಡಿದು ಮನೆಗೆ ಹೋಗಿ.”

ನಿಬ್ರಾಸ್‌ಳ ಕಣ್ಣು ತುಂಬಿತು. “ಲೇಸರ್ ಹೊಡೆದ್ರೆ ಬಿಲ್ಲೆ ಆವಿಯಾಗಿ ಬಿಸಿ ಗಾಜಿನ ಮೇಲೆ ತೆಳು ಪದರವಾಗಿ ಕೂರುತ್ತೆ. ಕರೆಂಟು ಕೊಟ್ರೆ ಆ ಪದರ ನೀಲಿ ಬೆಳಕು ಕೊಡುತ್ತೆ. ಎಂಟು ಪದರ ಬೆಳೆಸಿದೀನಿ, ಇನ್ನೊಂದೇ ಬಾಕಿ. ಬಿಲ್ಲೆ ಮಾಡಿದ ಗೆಳತಿ ಲುಜೈನ್ ತೀರ್ಕೊಂಡು ವರ್ಷವಾಯ್ತು. ಅವಳ ಮಿಶ್ರಣ ಬೇರೆ ಯಾರಿಗೂ ಕೂಡಿಬರ್ತಿಲ್ಲ. ಇಪ್ಪತ್ತಕ್ಕೆ ನನ್ನ ಪಿಎಚ್‌ಡಿ ಪರೀಕ್ಷೆ.”

ಇನ್ಸ್‌ಪೆಕ್ಟರ್ ಕಹ್ತಾನ್ ಎಫ್‌ಐಆರ್ ಬರೆಸಿದ.

10.45ಕ್ಕೆ ಸ್ಥಳ ಪಂಚನಾಮೆ. ಬೀಗ ಮುರಿದಿರಲಿಲ್ಲ. ಬಿಲ್ಲೆಗೆ ಲೇಸರ್ ಹೊಡೆಯುವ ಉಕ್ಕಿನ ಪೆಟ್ಟಿಗೆ ಮುಚ್ಚಿತ್ತು, ಅದರ ಗಾಜಿನ ಕಿಂಡಿಯಲ್ಲಿ ನೋಡಿದರೆ ಒಳಗೆ ಬಿಲ್ಲೆಯ ಜಾಗ ಖಾಲಿ.

“ಬೆಳಿಗ್ಗೆ ಹೇಗಿತ್ತು?” ಕಹ್ತಾನ್ ಕೇಳಿದ.

“ಹೀಗೇ. ಒಳಗಿನ ಗಾಳಿಯೆಲ್ಲ ಪಂಪು ಎಳೆದಿತ್ತು.”

“ತೆರೆದ್ರೆ ಗಾಳಿ ತುಂಬುತ್ತೆ. ಮತ್ತೆ ಎಳೆಯೋಕೆ?”

“ಎರಡು ಗಂಟೆ.”

ಜಬ್ಬಾರ್ ನಕ್ಕ. “ಕದ್ದ ಮೇಲೂ ಎರಡು ಗಂಟೆ ಕಾದನಾ? ಎಂಥ ದಡ್ಡ ಕಳ್ಳ ಸಾಹೇಬ್ರೇ!”

“ತೇವ ತಗುಲಿ ಪೆಟ್ಟಿಗೆ ಕೆಡಬಾರದು ಅಂತ ಕಾದಿದಾನೆ. ಇಲ್ಲಿ ಅಷ್ಟು ಕಾಳಜಿ ಯಾರಿಗಮ್ಮಾ?”

ನಿಬ್ರಾಸ್‌ಳ ನೋಟ ಮೂಲೆಗೆ ಹೋಯಿತು. ಅಲ್ಲಿ ಮುದುಕ ತಂತ್ರಜ್ಞನೊಬ್ಬ ಪಂಪಿಗೆ ಎಣ್ಣೆ ಹಾಕುತ್ತಿದ್ದ. “ನಮ್ಮ ಅಬು ಲುಜೈನ್‌ಗೆ,” ಎಂದವಳು ತಟ್ಟನೆ ಬಾಯಿ ಮುಚ್ಚಿಕೊಂಡಳು. ಅಬು ಲುಜೈನ್ ಅಂದರೆ ಲುಜೈನಳ ಅಪ್ಪ. ಮಗಳು ಹೋದ ಮೇಲೂ ಕಟ್ಟಡವೆಲ್ಲ ಅವನನ್ನು ಅವಳ ಹೆಸರಿನಿಂದಲೇ ಕರೆಯುತ್ತಿತ್ತು.

12.10, ಪ್ರಯೋಗಾಲಯದಲ್ಲೇ ವಿಚಾರಣೆ.

“ಬಿಲ್ಲೆ ಎಲ್ಲಿ ಚಾಚಾ?”

ಮುದುಕ ಅಂಗಿಯ ಜೇಬಿನಿಂದ ಔಷಧಿ ಡಬ್ಬಿ ತೆಗೆದ. ಹತ್ತಿಯೊಳಗೆ ಬಿಲ್ಲೆ ಇತ್ತು. ಮುಂಬದಿ ಲೇಸರ್ ತಿಂದು ಗುಳಿಬಿದ್ದಿತ್ತು. ಕುಲುಮೆಗಿಡುವ ಮೊದಲು ಲುಜೈನ್ ಸೂಜಿಯಲ್ಲಿ ಗೀಚಿದ ಗುರುತಿನಕ್ಷರ ಹಿಂಬದಿಯಲ್ಲಿತ್ತು.

“ಒಂದೊಂದು ಪದರಕ್ಕೂ ಇದು ಸವೆಯುತ್ತಾ ಬಂತು ಸಾಹೇಬ್ರೇ. ಎಂಟು ಸಲ ನಾನೇ ಪಂಪು ಹಾಕಿಕೊಟ್ಟೆ. ಒಂಬತ್ತನೇ ಸಲ ಕೈ ಏಳಲಿಲ್ಲ. ನನ್ನ ಮಗು ಕೈಯಾರೆ ಮಾಡಿದ್ದು ಇದೊಂದೇ ಉಳಿದಿರೋದು.”

“ನನಗೊಂದು ಮಾತು ಹೇಳಬಾರದಿತ್ತಾ ಚಾಚಾ?” ಬಾಗಿಲಲ್ಲಿ ನಿಂತಿದ್ದ ನಿಬ್ರಾಸ್ ಬಿಕ್ಕಿದಳು.

“ನಿನ್ನ ಪರೀಕ್ಷೆ ಹಾಳುಮಾಡ್ಕೋ ಅಂತ ಯಾವ ಬಾಯಲ್ಲಿ ಕೇಳಲಮ್ಮಾ?”

ದೂರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಅವಳು ಗೋಗರೆದಳು. ಸರಕಾರಿ ಸ್ವತ್ತು, ಆಗಲಿಲ್ಲ. ಕಹ್ತಾನ್ 1.05ಕ್ಕೆ ಬಂಧನವೆಂದು ಬರೆದು, ಬಿಲ್ಲೆಯನ್ನು ಲಕೋಟೆಗೆ ಹಾಕಿ ಅರಗಿನ ಮೊಹರು ಒತ್ತಿದ.

“ಇದನ್ನ ಮತ್ತೆ ಲೇಸರ್‌ಗೆ ಇಡ್ತಾರಾ?” ಮುದುಕ ಕೇಳಿದ.

“ಕೇಸು ಮುಗಿಯೋವರೆಗೂ ಯಾರೂ ಮುಟ್ಟೋಹಾಗಿಲ್ಲ. ನಮ್ಮ ಕೇಸುಗಳು ಗೊತ್ತಲ್ಲ, ವರ್ಷಗಟ್ಟಲೆ.”

“ಹಾಗಾದ್ರೆ ನಡೀರಿ.” ಅವನೇ ಕೈ ಮುಂದೆ ಮಾಡಿದ. ಹೊಸಿಲು ದಾಟುವಾಗ ನಿಬ್ರಾಸ್ ಕಡೆ ತಿರುಗಿ, “ಪಂಪಿಗೆ ಹೊಸ ಎಣ್ಣೆ ಹಾಕಿದೀನಿ ಮಗಳೇ,” ಎಂದ.

ಇಪ್ಪತ್ತರಂದು ನಿಬ್ರಾಸ್ ಎಂಟೇ ಪದರ ಹಿಡಿದು ಪರೀಕ್ಷೆಗೆ ಹೋದಳು. ಅದೇ ದಿನ ಕಹ್ತಾನ್ ವರದಿಯ ಕೊನೆಯ ಸಾಲು ಬರೆದ: ಆರೋಪಿಗೆ ಲಾಭದ ಉದ್ದೇಶವಿರಲಿಲ್ಲ. ಮಗಳು ಮಾಡಿದ್ದು ಸವೆದುಹೋಗುವುದನ್ನು ನೋಡಲಾರದೆ ತೆಗೆದಿದ್ದಾನೆ.