ಕೊಳಲಿನ ಕೆಳಗಿನ ಮಾತು

ಶಾಂಭವಿಯ ಎದುರು ಹೀರೋ ಇರಲಿಲ್ಲ. ಜಾನಪದ ವಿಡಿಯೊ ಸಾಂಗ್‌ಗಳಲ್ಲಿ ಹೀಗೇ. ಅವನ ನೋಟದ ಶೂಟಿಂಗ್ ಒಂದು ದಿನ, ಅವಳ ನೋಟದ್ದು ಇನ್ನೊಂದು ದಿನ. ಎರಡನ್ನೂ ಜೋಡಿಸಿದರೆ ಪ್ರೀತಿ. ಹಿರೇವಡ್ಡಟ್ಟಿಯ ಸೂರ್ಯಕಾಂತಿ ಹೊಲದಲ್ಲಿ ಆ ದಿನ ಹೀರೋನ ಬದಲು ಲೆನ್ಸಿನ ಪಕ್ಕ ಮುಖ ಚಾಚಿ ನಿಂತವನು ಕ್ಯಾಮೆರಾಮನ್ ಮಹಾದೇವ.

"ಲೆನ್ಸ್ ನೋಡಬ್ಯಾಡ. ನನ್ನ ನೋಡು."

"ನಿಮ್ಮನ್ನ ನೋಡಿ ನೋಡಿ ಲೆನ್ಸ್ ಮರ್ತೇಬಿಟ್ಟೇನ್ರಿ."

ಸುಳ್ಳಲ್ಲ. ಬಿಸಿಲಿಗೆ ಕಿರಿದಾಗುವ ಅವನ ಕಣ್ಣು, ಶಾಟ್ ಚೆಂದ ಬಂದಾಗ ಕಚ್ಚುವ ಕೆಳತುಟಿ, ಎಲ್ಲ ಅವಳಿಗೆ ಬಾಯಿಪಾಠ.

ಶೂಟಿಂಗಿನಲ್ಲಿ ಹಾಡು ಹಚ್ಚುವ ವೀರು ಸ್ಪೀಕರ್ ಬಂದ್ ಮಾಡಿದ. ಹಾಡು ನಿಂತಿತು. ಕ್ಯಾಮೆರಾ ನಿಲ್ಲಲಿಲ್ಲ, ಅವಳ ತುಟಿಯೂ ನಿಲ್ಲಲಿಲ್ಲ.

"ಹೀರೋಗಲ್ರಿ, ನಿಮಗ ಹೇಳಾಕತ್ತೇನಿ. ನೀವಂದ್ರ ನನಗ ಜೀವ. ನಮ್ಮವ್ವನ ಮುಂದೂ ಹೇಳೇನಿ."

ಮಹಾದೇವ ಕ್ಯಾಮೆರಾದ ಪರದೆಗೆ ಬಗ್ಗಿದ.

"ಫೋಕಸ್ ತಪ್ಪಿತು. ಇನ್ನೊಮ್ಮೆ ಹೇಳು."

ಹುಚ್ಚಿ, ಇನ್ನೊಮ್ಮೆ ಹೇಳಿದಳು. ಈ ಸಲ ಕಣ್ಣೀರು ಸಮೇತ.

"ಆತು. ಪ್ಯಾಕಪ್," ಅಂದ. ಉತ್ತರ ಅಷ್ಟೇ.

ಹಾಡು ಹೊರಬಂತು. ತುಟಿ ಹೊಂದದ ಶಾಟನ್ನು ಬರೀ ವಾದ್ಯ ನುಡಿಯುವ ಜಾಗಕ್ಕೆ ಹಾಕುವುದು ಎಡಿಟಿಂಗಿನ ಹಳೆಯ ಉಪಾಯ. ಅವಳ ಮಾತು ಮ್ಯೂಟ್. ಮೇಲೆ ಕೊಳಲು. ಸ್ಲೋ ಮೋಷನ್ನಿನಲ್ಲಿ ಕಣ್ಣೀರು, ಕಟ್ ಮಾಡಿದರೆ ಹೀರೋ ಸೋಮೇಶನ ನಗು. ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಹುಡುಗರು ಅದನ್ನೇ ಸ್ಟೇಟಸ್ ಇಟ್ಟುಕೊಂಡು, ಅವಳ ಮುಂದೆ ಸುಮ್ಮನೆ ತುಟಿ ಆಡಿಸಿ ನಕ್ಕರು.

ಅವಳು ಬಸ್ ಹತ್ತಿ ಬೆಟಗೇರಿಯ ಎಡಿಟಿಂಗ್ ರೂಮಿಗೆ ಹೋದಳು.

"ನಾ ಖರೇನ ಹೇಳಿದ್ದೆ."

"ಅದಕ್ಕ ಶಾಟ್ ಚಲೋ ಬಂದೈತಿ," ಮಹಾದೇವ ತಿರುಗಿಯೂ ನೋಡದೆ ಅಂದ.

ಮುಂದಿನ ಹಾಡಿಗೂ ಶಾಂಭವಿ ಬಂದಳು. ಅದೇ ಹೊಲ, ಸೂರ್ಯಕಾಂತಿ ಒಣಗಿ ತಲೆ ಬಾಗಿಸಿದ್ದವು. ಅವಳು ನೆಟ್ಟಗೆ ಗಾಜನ್ನೇ ನೋಡಿದಳು.

"ಲೆನ್ಸ್ ನೋಡಬ್ಯಾಡ. ನನ್ನ ನೋಡು."

"ನಿಮ್ಮಲ್ಲಿ ನೋಡಾಕ ಏನೈತ್ರಿ?"

ಮಹಾದೇವ ಕ್ಯಾಮೆರಾ ಬಿಟ್ಟು ಹತ್ತಿರ ಬಂದ.

"ಆ ಶಾಟ್ ದಿನಾ ಹಚ್ಚಿ ಕೇಳ್ತೇನಿ, ಶಾಂಭವಿ. ಕೊಳಲು ತಗದು, ಬರೇ ನಿನ್ನ ದನಿ. ತಪ್ಪಾತು. ನನಗ ನೀ ಬೇಕು."

ಆಗ ಅವಳು ಅವನನ್ನು ನೋಡಿದಳು. ಪೂರ್ತಿ ನೋಡಿದಳು.

"ಫೋಕಸ್ ತಪ್ಪಿತ್ರಿ. ಇನ್ನೊಮ್ಮೆ ಹೇಳ್ರಿ."

ಹೇಳಿದ. ಎಲ್ಲರಿಗೂ ಕೇಳುವಂತೆ, ಅಳುತ್ತ ಹೇಳಿದ.

ಶಾಂಭವಿ ಸೆರಗು ಸರಿಮಾಡಿಕೊಂಡಳು.

"ವೀರಣ್ಣಾ, ಹಾಡು ಹಚ್ಚು."