ಕೆಚಪ್ಪಿನಲ್ಲಿ ತೊಳೆದ ಪೆನ್ನಿ

ಗಲ್ಲಾಪೆಟ್ಟಿಗೆಯ ಪಕ್ಕದ ಚಿಲ್ಲರೆ ತಟ್ಟೆಯನ್ನು ಆರಿನ್ ಇವತ್ತೂ ಒಂದೇ ಬೆರಳಲ್ಲಿ ಕೆದಕಿ ಬಿಟ್ಟುಬಿಟ್ಟ. ಡೈನರೆಂಬ ಆ ಪುಟ್ಟ ಹೋಟೆಲಿನಲ್ಲಿ ಕಾಫಿ ಬಡಿಸುವ ಮಾರ್ಲಿಸಳ ಹೊಟ್ಟೆಗೆ ಬೆಂಕಿ ಬಿತ್ತು.

ಬೇಡವಾದವರು ಒಂದು ಪೆನ್ನಿ, ಅಂದರೆ ಒಂದು ಸೆಂಟಿನ ತಾಮ್ರದ ನಾಣ್ಯ, ಹಾಕಿ ಹೋಗುವ, ಚಿಲ್ಲರೆ ಕಡಿಮೆ ಬಿದ್ದವರು ಒಂದು ಎತ್ತಿಕೊಳ್ಳುವ ತಟ್ಟೆ ಅದು. ಎರಡು ವರ್ಷ ಅದು ಅವನದೇ ಆಸ್ತಿಯಾಗಿತ್ತು. ತಾನು ಓಡಿಸುವ ಶಾಲೆಯ ಹಳದಿ ಬಸ್ಸಿನಿಂದ ಮಕ್ಕಳನ್ನು ಇಳಿಸಿ, ಒಂಬತ್ತಕ್ಕೆ ಡೈನರಿಗೆ ಬಂದು, ಕೊರಳಲ್ಲಿ ತೂಗುವ ಭೂತಗನ್ನಡಿಯನ್ನು ಕಣ್ಣಿಗೊತ್ತಿ ಒಂದೊಂದೇ ಪೆನ್ನಿ ನೋಡುತ್ತಿದ್ದ. ಟಂಕಸಾಲೆಯವರು ತಪ್ಪಾಗಿ ಅಚ್ಚು ಹಾಕಿದ, ಹಾಗಾಗಿಯೇ ದುಬಾರಿಯಾದ ನಾಣ್ಯ ಯಾರ ಜೇಬಿನಲ್ಲಾದರೂ ಸಿಕ್ಕೀತೆಂಬ ಆಸೆ. ಅದರಲ್ಲೂ ಐವತ್ತೈದನೇ ಇಸವಿಯ ಒಂದು ಪೆನ್ನಿ, ಇಸವಿ, ಅಕ್ಷರಗಳೆಲ್ಲ ಜೋಡಿ ಜೋಡಿಯಾಗಿ ಮೂಡಿದ್ದು. ಅದರ ಪುರಾಣವನ್ನು ಅವನು ನೂರು ಸಲ ಹೇಳಿದ್ದ. ಮಾರ್ಲಿಸ್ ಅರ್ಧ ಕೇಳಿಸಿಕೊಂಡಿದ್ದಳು. ಉಳಿದರ್ಧ ಹೊತ್ತು ಅವನ ಕಣ್ಣರೆಪ್ಪೆಗಳನ್ನು ನೋಡಿದ್ದಳು.

ಒಂದು ತಿಂಗಳ ಹಿಂದೆ ಬ್ಯಾಂಕಿನ ಕೌಂಟರಿಗೆ ಹೊಸಬಳಾಗಿ ಗ್ವೆಂಡಾ ಬಂದಳು. ತಾಮ್ರದ ಬಣ್ಣದ ಕೂದಲು, ಕೆನ್ನೆಯಲ್ಲಿ ಗುಳಿ. ಅಂದಿನಿಂದ ಆರಿನ್ ತಟ್ಟೆ ಬಿಟ್ಟು, ಬ್ಯಾಂಕಿನಲ್ಲಿ ಸಿಗುವ, ಕಾಗದ ಸುತ್ತಿದ ಪೆನ್ನಿ ರೋಲುಗಳ ಹಿಂದೆ ಬಿದ್ದಿದ್ದ.

"ನಿನ್ನೆ ನಾಲ್ಕು ರೋಲ್ ಎತ್ತಿಟ್ಟಿದ್ಲು ಗ್ವೆಂಡಾ. ಒಳ್ಳೆ ಹುಡುಗಿ," ಎಂದ ಆರಿನ್.

"ಹೌದೌದು, ಬಂಗಾರದಂಥ ಹುಡುಗಿ." ಮಾರ್ಲಿಸ್ ಕಾಫಿ ಸುರಿದ ರಭಸಕ್ಕೆ ಅರ್ಧ ಸಾಸರಿಗೇ ಚೆಲ್ಲಿತು.

"ಏನಾಯ್ತು ನಿಂಗೆ?"

"ನಂಗೇನಾಗ್ಬೇಕು? ಕುಡಿ, ಆರೋಗುತ್ತೆ."

ಅವನು ಹೋದ ಮೇಲೆ ಅಡುಗೆ ಮಾಡುವ ವರ್ನಾ ಅಡುಗೆಮನೆಯ ಕಿಟಕಿಯಲ್ಲಿ ತಲೆ ಹಾಕಿದಳು. "ಕಾಮಾಲೆ ಕಣ್ಣಿಗೆ ಕಾಣೋದೆಲ್ಲಾ ಹಳದಿ ಕಣೇ. ಪೆನ್ನಿ ತರೋಕೆ ಬ್ಯಾಂಕಿಗೆ ಹೋಗ್ದೆ ಚರ್ಚಿಗೆ ಹೋಗ್ತಾನಾ?"

"ನೀನು ಸುಮ್ನಿರು ವರ್ನಾ!"

ಅದೇ ಮಧ್ಯಾಹ್ನ, ಜೋಳದ ಹೊಲದ ಮುದುಕನೊಬ್ಬ ಸೇಬಿನ ಪೈ ತಿಂದು ಕೊಟ್ಟ ಚಿಲ್ಲರೆಯಲ್ಲಿ ಅದು ಇತ್ತು. ಕಂದು ಹಿಡಿದ, ಮಾಸಿದ ಪೆನ್ನಿ. ಮಾರ್ಲಿಸ್ ಅದನ್ನು ಬೆಳಕಿಗೆ ಹಿಡಿದಳು. ಒಂದು ಐದರ ಬೆನ್ನಿಗೆ ಇನ್ನೊಂದು ಐದು, ಅಕ್ಷರದ ಪಕ್ಕ ಅದೇ ಅಕ್ಷರ. ಆರಿನ್ ಹೇಳುತ್ತಿದ್ದ ಅದೇ ಐವತ್ತೈದರ ಪೆನ್ನಿ! ಗ್ವೆಂಡಾ ಜನ್ಮದಲ್ಲಿ ಕೊಡಲಾರದ್ದು ತನ್ನ ಅಂಗೈಯಲ್ಲಿದೆ!

ಆದರೆ ಇಷ್ಟು ಕೊಳೆ ಹಿಡಿದದ್ದನ್ನು ಕೊಡುವುದೇ? ವರ್ನಾ ಪಾತ್ರೆಗಳ ತಾಮ್ರದ ತಳ ಬೆಳಗುತ್ತಿದ್ದುದು ಕೆಚಪ್ಪಿನಿಂದ. ಮಾರ್ಲಿಸ್ ಒಂದು ಚಮಚ ಕೆಚಪ್ಪು, ಒಂದು ಚಿಟಿಕೆ ಉಪ್ಪು ಹಾಕಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಳು. ಆ ತಾಮ್ರದ ಕೂದಲನ್ನು ನೆನೆದು ಇನ್ನಷ್ಟು ತಿಕ್ಕಿದಳು. ಪೆನ್ನಿ ಫಳಫಳ ಹೊಳೆಯಿತು.

ಮರುದಿನ ಒಂಬತ್ತಕ್ಕೆ ಅದನ್ನು ಕರವಸ್ತ್ರದ ಮೇಲಿಟ್ಟು ಅವನ ಮುಂದೆ ಸರಿಸಿದಳು.

ಆರಿನ್ ಭೂತಗನ್ನಡಿ ಹಿಡಿದ. ಮುಖ ಹಬ್ಬದಂತೆ ಅರಳಿತು. ಮರುಗಳಿಗೆ ಅಷ್ಟೇ ಬೇಗ ಬಾಡಿತು.

"ಇದನ್ನ... ಯಾರು ತೊಳೆದಿದ್ದು?"

"ನಾನೇ. ಚೆನ್ನಾಗಿದೆ ಅಲ್ವಾ?"

ಅವನು ಭೂತಗನ್ನಡಿ ಕೆಳಗಿಳಿಸಿದ. ಕಿಟಕಿಯ ಹಿಂದೆ ವರ್ನಾ "ಅಯ್ಯೋ ದೇವರೇ" ಎಂದದ್ದು ಕೇಳಿಸಿತು.

"ಹಳೇ ನಾಣ್ಯ ತೊಳೀಬಾರ್ದು ಮಾರ್ಲಿಸ್. ಆ ಕಂದು ಬಣ್ಣಕ್ಕೇ ಬೆಲೆ. ತಿಕ್ಕಿದ್ದನ್ನ ನೋಡಿದ್ರೆ ವ್ಯಾಪಾರಿಗಳು ಮೂಗು ಮುರೀತಾರೆ. ನಾನು ಹೇಳಿದ್ದೆನಲ್ಲ..."

ಹೇಳಿದ್ದನೇನೋ. ಅದು ರೆಪ್ಪೆಗಳ ಪಾಲಿನ ಅರ್ಧಕ್ಕೆ ಬಿದ್ದಿತ್ತು. ಅವಳ ಕಣ್ಣಲ್ಲಿ ನೀರು ಚಿಮ್ಮಿತು, ನೀರಿನ ಜೊತೆಗೆ ಸಿಟ್ಟೂ.

"ಗ್ವೆಂಡಾ ಆಗಿದ್ರೆ ತೊಳೀತಿರ್ಲಿಲ್ಲ ಅಲ್ವಾ? ಅವಳಿಗೆ ಎಲ್ಲಾ ಗೊತ್ತು! ಹೋಗು, ಅವಳ ಹತ್ರಾನೇ ಹೋಗು. ಎರಡು ವರ್ಷ ನಿಂಗೆ ಕಾಫಿ ಸುರಿದು ಸುರಿದು ಹೊಟ್ಟೆ ಉರ್ಕೊಂಡು ಸಾಯ್ತಿರೋಳು ನಾನು!"

ತಿನ್ನುತ್ತಿದ್ದವರೆಲ್ಲ ಫೋರ್ಕು ಕೆಳಗಿಟ್ಟರು. ಆರಿನ್‌ನ ಕಿವಿ ಕೆಂಪಾಯಿತು. "ಒಂದ್ನಿಮಿಷ ಬಾ," ಎಂದು ಅವಳನ್ನು ಹೊರಗೆ ಕರೆದೊಯ್ದ.

ಖಾಲಿ ಬಸ್ಸಿನಲ್ಲಿ, ಡ್ರೈವರ್ ಸೀಟಿನಡಿಯಿಂದ ಒಂದು ತಗಡಿನ ಡಬ್ಬ ಎಳೆದು ಮುಚ್ಚಳ ತೆಗೆದ. ಒಳಗೆ ಒಂದು ಪೆನ್ನಿಯೂ ಇರಲಿಲ್ಲ. ರೋಲಿನ ಕಾಗದಗಳು, ಬಿಡಿಸಿ, ನೀಟಾಗಿ ಒತ್ತಿಟ್ಟವು. ಪ್ರತಿಯೊಂದರ ಮೇಲೂ ನೀಲಿ ಶಾಯಿಯಲ್ಲಿ ಡೈನರಿನ ಹೆಸರು, ಪಕ್ಕದಲ್ಲಿ ಹೊಗೆಯಾಡುವ ಪುಟ್ಟ ಕಾಫಿ ಕಪ್ಪು.

ಅದು ಮಾರ್ಲಿಸಳದೇ ಕೈಬರಹ. ಪ್ರತಿ ಶುಕ್ರವಾರ ಐವತ್ತೈವತ್ತು ಪೆನ್ನಿ ಸುತ್ತಿ ಬ್ಯಾಂಕಿಗೆ ಕಳಿಸುವಾಗ ಬೇಜಾರಿಗೆ ಆ ಕಪ್ಪು ಬರೆಯುತ್ತಿದ್ದವಳು ಅವಳೇ.

"ಮುಂಚೆ ಇದ್ದ ಕೌಂಟರಿನವನು ಎಲ್ಲಾ ರೋಲ್ ಬೆರೆಸಿಬಿಡ್ತಿದ್ದ," ಎಂದ ಆರಿನ್. "ಗ್ವೆಂಡಾ ಕಾಫಿ ಕಪ್ಪಿನ ಚಿತ್ರ ನೋಡಿ ನಂಗೆ ಅಂತ ಎತ್ತಿಡ್ತಾಳೆ. ತಟ್ಟೆಯ ಪೆನ್ನಿಯೂ ಅದ್ರಲ್ಲೇ ಬರುತ್ತಲ್ಲ. ಪೆನ್ನಿ ನೋಡಿ ವಾಪಸ್ ಕೊಡ್ತೀನಿ. ಕಾಗದ ಎಸೆಯೋಕೆ ಮನಸ್ಸು ಬರಲ್ಲ."

"ರೋಲ್ ಬೇಕಿದ್ರೆ ನನ್ನನ್ನೇ ಕೇಳಬಹುದಿತ್ತಲ್ಲೋ, ಪೆದ್ದ!"

"ನಿನ್ನನ್ನ ಕೇಳೋಕೆ ಧೈರ್ಯ ಬಂದಿದ್ರೆ ರೋಲ್ ಯಾಕೆ ಕೇಳ್ತಿದ್ದೆ?"

ಅವಳು ಮುಖವನ್ನು ಏಪ್ರನ್ನಿನಲ್ಲಿ ಮುಚ್ಚಿಕೊಂಡಳು. "ನಿನ್ನ ಪೆನ್ನಿ ಹಾಳಾಯ್ತು, ಆರಿನ್."

ಅವನು ಜೇಬಿನಿಂದ ಪೆನ್ನಿ ತೆಗೆದು ಮೂಸಿ ನಕ್ಕ. "ಇನ್ನೂ ಕೆಚಪ್ ವಾಸನೆ. ಇಂಥದ್ದು ಸಿಕ್ರೆ ಮಾರಿ ನಿಂಗೊಂದು ಉಂಗುರ ತರೋಣ ಅಂತಿದ್ದೆ. ಈಗ ಉಂಗುರ ಇಲ್ಲ. ಹಂಗೇ ಕೇಳ್ತೀನಿ. ನನ್ನ ಮದುವೆ ಆಗ್ತೀಯಾ?"

ಮಾರ್ಲಿಸ್ ಏಪ್ರನ್ನಿನಿಂದ ಮುಖ ಎತ್ತಿದಳು. ಕಣ್ಣೊರೆಸಿಕೊಂಡವಳ ತುಟಿಯಲ್ಲಿ ಒಂದು ತುಂಟ ನಗೆ ಸುಳಿಯಿತು.

"ಶನಿವಾರ ಬೆಳಿಗ್ಗೆ ಬ್ಯಾಂಕಿಗೆ ಹೋಗು. ಉತ್ತರ ಅಲ್ಲೇ ಸಿಗುತ್ತೆ."

ಶುಕ್ರವಾರ ಅವಳು ಒಂದು ರೋಲಿನ ಮೇಲೆ ಕಾಫಿ ಕಪ್ಪು ಬರೆದು, ಡೈನರಿನ ಹೆಸರಿನ ಕೆಳಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿಸಿದಳು: "ಹೂಂ ಆರಿನ್, ಆಗ್ತೀನಿ." ಗ್ವೆಂಡಾ ಮೊದಲು ಓದಿ, ಆಮೇಲೆ ತನ್ನ ಕೈಯಾರೆ ಅವನಿಗೆ ಕೊಡಲಿ ಎಂದು, ಅದನ್ನೇ ಎಲ್ಲಕ್ಕಿಂತ ಮೇಲಿಟ್ಟಳು.