ಅಳಿಸಿದರೆ ಬರುವ ಸಾಲು

"ಫೋನ್ ತೊಳೆಯೋಕೆ ಬರುತ್ತೆ, ತಟ್ಟೆ ತೊಳೆಯೋಕೆ ಮಾತ್ರ ಮಹಾರಾಜರಿಗೆ ಮೈ ಬಗ್ಗಲ್ಲ," ಎಂದು ಅಕ್ಕ ಛೇಡಿಸುತ್ತಿದ್ದಳು. ಮನೆಯವರ ಫೋನುಗಳಲ್ಲಿ ಕ್ಯಾಶೆ, ಹಿಸ್ಟರಿ ಅಳಿಸುವುದು ನನ್ನ ಚಟ. ಶೈತ್ಯಾಗಾರದ ಕೆಲಸಕ್ಕೆ ಹೋದ ಅಕ್ಕ ಮರಳದ ಮರುದಿನ, ಪೊಲೀಸರಿಗೆ ಕೊಡಲು ಅವಳ ಟ್ಯಾಬಿನಲ್ಲಿ ಫೋಟೋ ಹುಡುಕುತ್ತಿದ್ದೆ. ಟ್ಯಾಬ್ ತೆವಳುತ್ತಿತ್ತು. ಅಭ್ಯಾಸಬಲದಿಂದ ಹಿಸ್ಟರಿಯನ್ನೆಲ್ಲ ಅಳಿಸಿಬಿಟ್ಟೆ.

"ಅಯ್ಯೋ ಪಾಪಿ, ಅವಳೇನು ನೋಡ್ತಿದ್ಳು ಅನ್ನೋ ಸುಳಿವೂ ಹೋಯ್ತಲ್ಲೋ!" ಅಮ್ಮ ಕುಸಿದು ಕೂತರು.

ಹಿಸ್ಟರಿ ತೆರೆದೆ. ಒಂದೇ ಒಂದು ಹುಡುಕಾಟವಿತ್ತು: "ಬಾಗಿಲನ್ನು ಒಳಗಿನಿಂದ ತೆಗೆಯುವುದು ಹೇಗೆ." ಹುಡುಕಿದ ಸಮಯ ಆ ನಿಮಿಷದ್ದೇ. ವೈಫೈ ಆಫ್ ಆಗಿತ್ತು. ಟ್ಯಾಬಿನ ಬೆನ್ನು ಮಂಜುಗಡ್ಡೆಯಂತೆ ಕೊರೆಯುತ್ತಿತ್ತು.

ಪೊಲೀಸರು ಶೈತ್ಯಾಗಾರದ ಮೂಲೆಮೂಲೆಯನ್ನೂ ಜಾಲಾಡಿದರು. ಅಕ್ಕ ಸಿಗಲಿಲ್ಲ.

ಸುಮ್ಮನೆ ಕಾದರೆ ಹೊಸ ಸಾಲು ಬರುತ್ತಿರಲಿಲ್ಲ. ಇದ್ದದ್ದನ್ನು ಅಳಿಸಿದರಷ್ಟೇ ಬರುತ್ತಿತ್ತು.

"ಅಳಿಸೋ ಮಗಾ, ಮುಂದೇನಂತಾಳೆ ನೋಡೋಣ," ಅಮ್ಮ ಅಂಗಲಾಚಿದರು.

ಅಳಿಸಿದೆ. "ಬೆರಳು ಮರಗಟ್ಟಿದರೆ ಏನು ಮಾಡಬೇಕು."

ಅಳುತ್ತಲೇ ಅದನ್ನೂ ಅಳಿಸಿದೆ. "ಆರನೇ ಕೋಣೆಯ ದೀಪದ ಸ್ವಿಚ್ ಎಲ್ಲಿದೆ."

ಟ್ಯಾಬನ್ನು ಎದೆಗವಚಿಕೊಂಡು ಶೈತ್ಯಾಗಾರಕ್ಕೆ ಓಡಿದೆ. ಮಾಲೀಕರು ಪಾಪ, ಕಟ್ಟಡದ ನಕ್ಷೆಯನ್ನೇ ಮೇಜಿನ ಮೇಲೆ ಹರಡಿ ತೋರಿಸಿದರು.

"ನೀನೇ ಎಣಿಸಪ್ಪ. ನಾವು ಕಟ್ಟಿಸಿದ್ದೇ ಐದು ಕೋಣೆ."